ಕತ್ತರಿ ಮುಟ್ಟದ ಮಳೆಗಾಲ

ಹೋದ ತಿಂಗಳು ಸೊರಬಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಡೆಯುತ್ತಿದ್ದಾಗ, ಒದ್ದೆ ಖಾಕಿ ಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎಳೆದರೆ ಏಳುವ ವಾಸನೆ ಮೂಗಿಗೆ ಬಂತು. ಯಾವ ಮನೆಯಿಂದ ಬಂತೋ ತಿಳಿಯಲಿಲ್ಲ. ಗಂಜಿ, ಹೊಗೆ, ಹಸಿ ಹತ್ತಿ ಸೇರಿದ, ನಮ್ಮ ಹಳೆಯ ಟೈಲರ್ ಅಂಗಡಿಯ ವಾಸನೆ ಅದು. ನಿಂತುಬಿಟ್ಟೆ. ಜೊತೆಗಿದ್ದ ಹೆಂಡತಿ ಗಿರಿಜಾ, "ಯಾಕ್ರೀ ನಿಂತ್ರಿ?" ಎಂದಳು. ಮರುಕ್ಷಣ ಅವಳಿಗೂ ಅದು ತಗಲಿರಬೇಕು. ಅವಳೂ ನಿಂತಳು.

ಐವತ್ತರ ದಶಕದ ಕೊನೆಯ ಒಂದು ಮಳೆಗಾಲ. ಹೊಸ ರಾಜ್ಯವಾಗಿ ಹೆಚ್ಚು ಕಾಲವಾಗಿರಲಿಲ್ಲ. ಸಂತೆಯಲ್ಲಿ ಆಣೆಯಲ್ಲೇ ಮಾತಾಡುವವರಿಗೂ ನಯಾಪೈಸೆ ಕೇಳುವವರಿಗೂ ಜಗಳ ಇನ್ನೂ ನಡೆದಿತ್ತು. ನಾನು ಸೊರಬದ ಪೇಟೆಯಲ್ಲಿ ಮಕ್ಬೂಲ್ ಸಾಹೇಬರ ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ನಮ್ಮದು ಕುಬಟೂರಿನ ಒಕ್ಕಲು ಮನೆತನ. ಇದ್ದ ಗದ್ದೆ ಅಣ್ಣಂದಿರಿಗೇ ಸಾಲದು ಎಂದು ಅಪ್ಪ ನನ್ನನ್ನು ಚಿಕ್ಕವನಿದ್ದಾಗಲೇ ಸಾಹೇಬರ ಹತ್ತಿರ ತಂದುಬಿಟ್ಟಿದ್ದರು. ಎಲ್ಲರಂತೆ ನಾನೂ ಅವರನ್ನು ಉಸ್ತಾದರು ಎಂದೇ ಕರೆಯುತ್ತಿದ್ದೆ. ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾ ಹೊಲಿಯುವುದು, ಆಮೇಲೆ ಮಷಿನ್ನು, ಕೊನೆಗೆ ಕತ್ತರಿ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಕತ್ತರಿ ತಪ್ಪಿದರೆ ಗಿರಾಕಿಯ ಬಟ್ಟೆಯೇ ಹೋಗುತ್ತದೆ. ಅದಕ್ಕೇ ಅಂಗಡಿಯಲ್ಲಿ ಕತ್ತರಿಯ ಕೆಲಸ ಒಬ್ಬರದೇ. ಉಸ್ತಾದರ ಕಣ್ಣು ಮಂಜಾಗುತ್ತ ಬಂದ ಮೇಲೆ ಅದು ನನಗೆ ಬಂದಿತ್ತು.

ಗಿರಿಜಾ ಕುಪ್ಪಗಡ್ಡೆಯವಳು. ಬಾಣಂತನ ಮುಗಿಸಿಕೊಂಡು, ಐದು ತಿಂಗಳ ಕೂಸನ್ನು ಎತ್ತಿಕೊಂಡು, ಮಳೆ ಹಿಡಿಯುವ ಮುಂಚೆ ಸೊರಬಕ್ಕೆ ಬಂದಳು. ಹೆಣ್ಣು ಕೂಸು. ಶಾರದೆ ಎಂದು ಹೆಸರಿಟ್ಟಿದ್ದೆವು. ನನಗೆ ಅದರ ಮೇಲೆ ಎಷ್ಟು ಆಸೆಯಿತ್ತೆಂದು ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಪ್ಪು ಅರ್ಥವಾಗುತ್ತದೆ. ಅಂಗಡಿಯಲ್ಲಿ ಉಳಿದ ತೆಳು ಬಟ್ಟೆಯ ತುಂಡುಗಳಲ್ಲಿ ಅದಕ್ಕೆ ಅಂಗಿ, ಕುಲಾವಿ ಹೊಲಿದು ಗಂಟು ಕಟ್ಟಿಟ್ಟಿದ್ದೆ. ಅದು ಬಂದ ಮೇಲೆ ಮಧ್ಯಾಹ್ನದ ಊಟಕ್ಕೆ ಬೇಗ ಮನೆಗೆ ಓಡುತ್ತಿದ್ದೆ. ಉಸ್ತಾದರು ನಗುತ್ತಿದ್ದರು.

ಆರಿದ್ರಾ ಮಳೆ ಶುರುವಾದಾಗ ಶಾಲೆಯ ಬಟ್ಟೆಗಳ ಗಡಿಬಿಡಿ. ಖಾಕಿ ಚಡ್ಡಿಗಳು ರಾಶಿ ಬಿದ್ದಿದ್ದವು. ಅಂಗಡಿಯ ಮಾಡು ಒಂದು ಮೂಲೆಯಲ್ಲಿ ಸೋರುತ್ತಿದ್ದರಿಂದ ಕತ್ತರಿಸುವ ಬಟ್ಟೆಯನ್ನು ಮನೆಗೆ ತಂದಿದ್ದೆ. ಒಂದು ಸಂಜೆ ನಡುಮನೆಯಲ್ಲಿ ಖಾಕಿ ಹಾಸಿಕೊಂಡು, ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಓಡಿಸುತ್ತಿದ್ದೆ. ಕೂಸು ಪಕ್ಕದಲ್ಲಿ ಕೌದಿಯ ಮೇಲೆ ಕಾಲು ಆಡಿಸುತ್ತ ಮಲಗಿತ್ತು. ಗಿರಿಜಾ ಒಲೆಯ ಮುಂದಿದ್ದಳು. ಕತ್ತರಿ ಬಟ್ಟೆಯ ಕೊನೆ ಮುಟ್ಟಿತು. ಆಗ ತಲೆಯೊಳಗೆ ಒಂದು ಮಾತು ಬಂತು. ಇದನ್ನು ಕೂಸಿನ ಮೇಲೆ ಆಡಿಸಿದರೆ?

ಅಷ್ಟೇ. ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಕೂಸು ಅತ್ತಿರಲಿಲ್ಲ. ಯಾರೋ ಕಿವಿಯಲ್ಲಿ ಹೇಳಿದ ಹಾಗೂ ಇರಲಿಲ್ಲ. ನನ್ನದೇ ತಲೆಯಲ್ಲಿ ಬಂದದ್ದು. ಕತ್ತರಿಯನ್ನು ಕೆಳಗಿಟ್ಟು ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತೆ. ಒಳಗಿನಿಂದ ಗಿರಿಜಾ, "ಚಹಾ ಕಾಸ್ಲಾ?" ಎಂದು ಕೂಗಿದಳು. ಬೇಡ ಎಂದೆ.

ಒಂದು ಸಲ ಬಂದು ಹೋಗಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮರುದಿನ ಕತ್ತರಿ ಹಿಡಿಯುವಾಗ ಅದು ಮತ್ತೆ ಬರುತ್ತದೆಯೇ ಎಂದು ನೋಡಿದೆ. ನೋಡಿದ್ದಕ್ಕೇ ಬಂತು. ರಾಮ ರಾಮ ಎಂದು ಓಡಿಸಿದೆ. ಓಡಿಸಿದಷ್ಟೂ ಬಲವಾಗಿ ಬಂತು. ಒಂದು ವಾರದೊಳಗೆ ಅದಕ್ಕೆ ಕತ್ತರಿ ಬೇಕೆಂದೇನೂ ಇರಲಿಲ್ಲ. ಅಡುಗೆಮನೆಯ ಈಳಿಗೆಮಣೆ ಸಾಕಿತ್ತು, ಹಿತ್ತಲ ಬಾವಿ ಸಾಕಿತ್ತು. ಕೂಸನ್ನು ಎತ್ತಿಕೊಂಡು ಬಾವಿಯ ಹತ್ತಿರ ಹಾದರೆ, ಈಗ ಬಿಟ್ಟರೆ ಎನ್ನುತ್ತಿತ್ತು. ನಾನು ಮನುಷ್ಯನೇ ಅಲ್ಲ, ನನ್ನೊಳಗೆ ಇನ್ನೇನೋ ಕುಳಿತಿದೆ ಎಂದು ತೀರ್ಮಾನಿಸಿದೆ. ಯಾರಿಗೆ ಹೇಳುವುದು? ಇಂಥದ್ದನ್ನು ಬಾಯಿಬಿಟ್ಟು ಹೇಳಿದ ಗಂಡಸನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ.

ಹಾಗಾಗಿ ಕೂಸನ್ನು ಮುಟ್ಟುವುದನ್ನು ಬಿಟ್ಟೆ. ಕತ್ತರಿಯನ್ನು ಅಂಗಡಿಯಲ್ಲೇ ಇಟ್ಟು ಬರತೊಡಗಿದೆ. ಆಮೇಲೆ ಅಂಗಡಿಯಲ್ಲೂ ಅದನ್ನು ಹಿಡಿಯಲಾಗಲಿಲ್ಲ. ಬೆರಳು ಉಳುಕಿದೆ ಎಂದು ಸುಳ್ಳು ಹೇಳಿ ಮಷಿನ್ನಿನ ಮೇಲೆ ಕುಳಿತೆ. ಉಸ್ತಾದರು ಕನ್ನಡಕ ಒರೆಸಿಕೊಂಡು, ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ತಾವೇ ಕತ್ತರಿಸತೊಡಗಿದರು.

ಮನೆಯಲ್ಲಿ ಗಿರಿಜಾ ನೋಡುತ್ತಿದ್ದಳು. ಒಂದು ದಿನ ಕೂಸನ್ನು ನನ್ನ ಮುಂದೆ ಹಿಡಿದು, "ಸ್ವಲ್ಪ ಎತ್ಕೊಳ್ರಿ, ನೀರು ಕಾಯ್ದೈತಿ, ಮೈ ತೊಳ್ಕಂಡು ಬರ್ತೀನಿ" ಎಂದಳು. ನನಗೆ ಕೆಲಸವಿದೆ ಎಂದು ಎದ್ದು ಹೊರಟೆ. ಬಾಗಿಲ ಹತ್ತಿರ ಅವಳ ಮಾತು ಹಿಂದಿನಿಂದ ಬಂತು. "ಹೆಣ್ಣಾತು ಅಂತ ಅಲ್ಲೇನ್ರೀ?"

ಅಲ್ಲ ಎನ್ನಬಹುದಿತ್ತು. ಅಲ್ಲ ಎಂದರೆ ಮತ್ತೆ ಏನು ಎಂದು ಕೇಳುತ್ತಿದ್ದಳು. ಚಪ್ಪಲಿ ಮೆಟ್ಟಿದೆ.

ಪುನರ್ವಸು ಮಳೆ ಬರುವ ಹೊತ್ತಿಗೆ ಅವಳನ್ನು ತವರಿಗೆ ಕಳಿಸಿದೆ. ಮನೆ ಸೋರುತ್ತಿದೆ, ಕೂಸಿಗೆ ಶೀತ ಆಗುತ್ತದೆ ಎಂದು ನೆಪ ಹೇಳಿದೆ. ಅವಳು ಎದುರಾಡಲಿಲ್ಲ. ಟ್ರಂಕಿಗೆ ಬಟ್ಟೆ ತುಂಬುವಾಗ ಕೂಸಿನ ಅಂಗಿಗಳನ್ನೆಲ್ಲ ತುಂಬಿದಳು, ಇನ್ನೂ ಹಾಕದೇ ಇದ್ದ ದೊಡ್ಡ ಅಳತೆಯವನ್ನೂ ಬಿಡಲಿಲ್ಲ. ಬೇಗ ತಿರುಗಿ ಬರುವ ಯೋಚನೆ ಅವಳಿಗಿರಲಿಲ್ಲ ಎಂದು ಅದರಿಂದಲೇ ತಿಳಿಯಿತು.

ಅವಳು ಹೋದ ಮರುವಾರ ಮಾವ ಕೆರಿಯಪ್ಪನವರು ಸಂತೆಗೆ ಬಂದವರು ಅಂಗಡಿಗೆ ಬಂದರು. ಕಂಬಳಿ ಕೊಪ್ಪೆಯಿಂದ ನೀರು ಇಳಿಯುತ್ತಿತ್ತು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತರು.

"ಅಳಿಯಂದ್ರೆ, ನಾನೂ ಮೂರು ಹೆಣ್ಣು ಹಡೆದೋನು. ಹೆಣ್ಣಾತು ಅಂತ ಕೂಸಿನ ಮುಟ್ಟದೇ ಇರೋ ಅಪ್ಪನ್ನ ನಾನು ಕಂಡಿಲ್ಲ."

"ಹಂಗೇನಿಲ್ಲ ಮಾವ."

"ಮತ್ತೆ ಹೆಂಗೆ? ಹೇಳ್ರಿ. ಹುಡುಗಿ ಉಣ್ಣಲ್ಲ, ಬರೇ ಕೂಸಿನ ಮಕ ನೋಡ್ಕಂಡು ಕೂತಿರ್ತಾಳೆ."

ನಾನು ಮಷಿನ್ನಿನ ಚಕ್ರ ಹಿಡಿದುಕೊಂಡು ಕುಳಿತಿದ್ದೆ. ಅವರು ತುಸು ಹೊತ್ತು ಕಾದರು. "ಆತು" ಎಂದು ಹೇಳಿ ಇಳಿದು ಹೋದರು. ಹೆಣ್ಣನ್ನು ಬೇಡವೆಂದವನು ಎನ್ನಿಸಿಕೊಳ್ಳುವುದು ನಿಜ ಹೇಳುವುದಕ್ಕಿಂತ ಸುಲಭವಾಗಿತ್ತು. ಅಂಥ ಗಂಡಸರು ಊರಲ್ಲಿ ಬೇಕಾದಷ್ಟು ಇದ್ದರು.

ಕೂಸು ದೂರವಾದರೆ ಯೋಚನೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಈಗ ಅದು, ಕೂಸು ಮರಳಿ ಬಂದಾಗ ಏನಾಗುತ್ತದೆ ಎಂದು ಕೇಳುತ್ತಿತ್ತು. ಊಟ ಸೇರದಾಯಿತು. ಅಳತೆ ತೆಗೆಯುವಾಗ ಗಿರಾಕಿ ಹೇಳಿದ್ದು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಊಟಕ್ಕೆಂದು ಹೊರಟವನು ಮನೆಗೆ ಹೋಗದೆ ದಂಡಾವತಿಯ ದಂಡೆಗೆ ಹೋದೆ. ಹೊಳೆ ಕೆಂಪಗೆ ತುಂಬಿತ್ತು. ನಾನೇ ಇಲ್ಲದಿದ್ದರೆ ಕೂಸಿಗೆ ಅಪಾಯವಿಲ್ಲ ಎಂಬ ಮಾತು ಆಗ ಬಹಳ ಸರಳವಾಗಿ, ಯಾರಾದರೂ ಒಪ್ಪುವಂಥದ್ದಾಗಿ ಕಂಡಿತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

"ಮಂಜಪ್ಪಾ!"

ರಸ್ತೆಯ ಮೇಲೆ ಉಸ್ತಾದರು ಕೊಡೆ ಹಿಡಿದು ನಿಂತಿದ್ದರು. ಓಡಿ ಬಂದಿದ್ದರೆಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದರು. "ಬೀಗದಕೈ ನಿನ್ನ ಹತ್ರ ಐತಲ್ಲೋ. ನಮಾಜ್ ಮುಗಿಸ್ಕೊಂಡು ಬಂದು ಅಂಗಡಿ ಮುಂದೆ ಮಳೇಲಿ ನಿಂತೀನಿ ನಾನು. ಬಾ."

ಜೇಬಿಗೆ ಕೈ ಹಾಕಿದೆ. ಬೀಗದಕೈ ಇತ್ತು. ಅವರ ಹಿಂದೆ ನಡೆದೆ. ಅವರು ಬಂದದ್ದು ಬೀಗದಕೈಗಾಗಿಯೋ, ನಾನು ಹೊಳೆಯ ಕಡೆ ಹೋದದ್ದನ್ನು ಯಾರೋ ಹೇಳಿದ್ದರೋ, ನಾನು ಕೇಳಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಉಸ್ತಾದರು ಒಂದು ಕೋಟಿನ ಕಾಜಾ ಹಿಡಿದು ಕುಳಿತರು. ಕತ್ತರಿ ನಮ್ಮಿಬ್ಬರ ನಡುವೆ ಹಲಗೆಯ ಮೇಲಿತ್ತು.

"ನಿನ್ನ ಬೆರಳು ಉಳುಕಿಲ್ಲ" ಎಂದರು, ತಲೆಯೆತ್ತದೆ.

"ಇಲ್ಲ."

"ಮತ್ತೆ?"

ಹೇಳಿದೆ. ಅದಕ್ಕೆ ಮುಂಚೆ ಯಾವತ್ತೂ ಬಾಯಿಂದ ಆಡಿರದ ಮಾತಾದ್ದರಿಂದ ಹಿಂದುಮುಂದಾಗಿ ಬಂತು. ಕತ್ತರಿ, ಕೂಸು, ಬಾವಿ. ಹೇಳಿ ಮುಗಿಸಿದಾಗ ಅವರು ಕತ್ತರಿಯನ್ನು ನನ್ನ ಹತ್ತಿರದಿಂದ ಎತ್ತಿಡುತ್ತಾರೆ ಎಂದು ಕಾದೆ. ಎತ್ತಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ನನಗೆ ಇದು ತಿಳಿಯಲ್ಲ ಮಂಜಪ್ಪ" ಎಂದರು. "ಸುಳ್ಳು ಯಾಕೆ ಹೇಳ್ಲಿ. ನಮ್ಮ ಮನೇಲಿ ಕೇಳಿದ್ರೆ ತಾಯಿತ ಕಟ್ಟಿಸು ಅಂತಾರೆ. ಕಟ್ಟಿಸ್ಕೋ, ನಾನು ಬೇಡ ಅನ್ನಲ್ಲ. ಆದ್ರೆ ನನ್ನ ತಂಗಿ ಶಿಕಾರಿಪುರದಾಗೆ ಅದಾಳಲ್ಲ, ಅವಳ ಗಂಡ ಹೋದಾಗ ಊಟ ಬಿಟ್ಟು, ಮಾತು ಬಿಟ್ಟು ಗೋಡೆ ಕಡೆ ತಿರುಗಿ ಕೂತಿದ್ಲು. ಅಲ್ಲೊಬ್ರು ಡಾಕ್ಟರು ಅವಳನ್ನ ಸರಿ ಮಾಡಿದ್ರು. ನಾಳೆ ಹೋಗೋಣ."

"ಹುಚ್ಚಿನ ಡಾಕ್ಟರಾ?"

"ಡಾಕ್ಟರು. ಕೆಮ್ಮು, ಜ್ವರ ಎಲ್ಲಾ ನೋಡ್ತಾರೆ."

ಆ ದಿನ ನನ್ನನ್ನು ಮನೆಗೆ ಬಿಡಲಿಲ್ಲ. ತಮ್ಮ ಮನೆಯ ಜಗಲಿಯ ಕೋಣೆಯಲ್ಲೇ ಮಲಗಿಸಿಕೊಂಡರು.

ಶಿಕಾರಿಪುರದ ದೇವರು ಹುಚ್ಚರಾಯ. ಕೆರೆಗೂ ಅದೇ ಹೆಸರು, ಎಷ್ಟೋ ಅಂಗಡಿಗಳಿಗೂ ಅದೇ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಅಲ್ಲಿ ಇಳಿದಾಗ ಬೋರ್ಡುಗಳ ಮೇಲೆಲ್ಲ ಆ ಹೆಸರೇ ಕಂಡಿತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಡಾಕ್ಟರ್ ಮಧ್ವರಾಯರದು ಒಂದು ಹೆಂಚಿನ ಮನೆ. ಹೊರಗಿನ ಪಡಸಾಲೆಯಲ್ಲಿ ಬೆಂಚು ಹಾಕಿ ರೋಗಿಗಳನ್ನು ಕೂರಿಸುತ್ತಿದ್ದರು. ಒಳಗಿನ ಕೋಣೆಗೆ ಬಾಗಿಲಿರಲಿಲ್ಲ, ಒಂದು ಪರದೆ ಮಾತ್ರ. ಮೊದಲು ಬೆಂಗಳೂರಿನಲ್ಲಿ ಮನೋರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಆಮೇಲೆ ಊರಿಗೆ ಬಂದವರು ಎಂದು ಉಸ್ತಾದರು ಹೇಳಿದ್ದರು. ಹೇಳದೇ ಇದ್ದ ಸಂಗತಿ ಇನ್ನೊಂದಿತ್ತು. ಡಾಕ್ಟರಿಗೆ ಕಿವಿ ಮಂದ.

ನನ್ನ ಸರದಿ ಬಂದಾಗ ಉಸ್ತಾದರು ಹೊರಗೇ ಉಳಿದರು. ನಾನು ಒಳಗೆ ಹೋಗಿ, ಕುರ್ಚಿಯ ತುದಿಯಲ್ಲಿ ಕುಳಿತು, ಪಿಸುದನಿಯಲ್ಲಿ ಶುರು ಮಾಡಿದೆ.

"ಜೋರಾಗಿ ಹೇಳಯ್ಯಾ" ಎಂದರು.

ಸ್ವಲ್ಪ ಜೋರಾಗಿ ಹೇಳಿದೆ.

"ಏನು? ಕತ್ತರಿ? ಕತ್ತರಿ ತಗುಲಿತೇ?"

"ಇಲ್ಲ ಸ್ವಾಮಿ. ಕತ್ತರಿ ಕಂಡ್ರೆ ಕೆಟ್ಟ ಯೋಚನೆ ಬರ್ತದೆ."

"ಎಂಥ ಯೋಚನೆ? ಇನ್ನೂ ಜೋರಾಗಿ. ಈ ಕಡೆ ಕಿವಿಗೆ."

ಪರದೆಯ ಆಚೆ ಬೆಂಚಿನ ಮೇಲೆ ಜನ ಕುಳಿತಿದ್ದರು. ಒಂದು ಮಗು ಕೆಮ್ಮುತ್ತಿತ್ತು. ಎದ್ದು ಹೋಗಿಬಿಡಬಹುದಿತ್ತು. ಆದರೆ ಎದ್ದರೆ ಮತ್ತೆ ಅದೇ ಹೊಳೆಯ ದಂಡೆ. ನಾನು ಆ ಮಾತನ್ನು ಸಂತೆಯಲ್ಲಿ ಬೆಲೆ ಕೂಗುವ ದನಿಯಲ್ಲಿ ಹೇಳಿದೆ. "ನನ್ನ ಕೂಸನ್ನ ನಾನೇ ಏನಾದ್ರೂ ಮಾಡಿಬಿಡ್ತೀನಿ ಅನ್ಸುತ್ತೆ!"

ಹೊರಗೆ ಎಲ್ಲ ಸದ್ದು ನಿಂತಿತು. ಕೆಮ್ಮು ಕೂಡ.

ಡಾಕ್ಟರು ಮಾತ್ರ, ಹೊಟ್ಟೆನೋವು ಎಂದು ಕೇಳಿದವರ ಹಾಗೆ ತಲೆಯಾಡಿಸಿದರು. ಪ್ರಶ್ನೆ ಕೇಳತೊಡಗಿದರು. ಕೂಸಿನ ಮೇಲೆ ಸಿಟ್ಟು ಬರುತ್ತದೆಯೇ? ಇಲ್ಲ. ಯಾರಾದರೂ ಹೊರಗಿನಿಂದ ಹೇಳಿದ ಹಾಗೆ ಕೇಳಿಸುತ್ತದೆಯೇ? ಇಲ್ಲ, ನನ್ನದೇ ಯೋಚನೆ. ಒಮ್ಮೆಯಾದರೂ ಕೈ ಎತ್ತಿದ್ದುಂಟೇ? ಇಲ್ಲ. ಆ ಯೋಚನೆ ಬಂದಾಗ ಖುಷಿಯಾಗುತ್ತದೆಯೇ? ಈ ಪ್ರಶ್ನೆಗೆ ನಾನು ಅತ್ತುಬಿಟ್ಟೆ. ಸಾಯುವ ಯೋಚನೆ ಬಂದಿತ್ತೇ? ಬಂದಿತ್ತು ಎಂದೆ. ಯಾವಾಗ, ಎಲ್ಲಿ ಎಂದು ಕೇಳಿ, ಪರದೆ ಸರಿಸಿ ಉಸ್ತಾದರನ್ನು ಒಳಗೆ ಕರೆದು, "ಸಾಹೇಬರೇ, ಇವನನ್ನ ಕೆಲವು ದಿನ ಒಬ್ಬನೇ ಬಿಡಬೇಡಿ" ಎಂದರು.

"ಬಿಟ್ಟಿಲ್ಲ ಡಾಕ್ಟ್ರೇ" ಎಂದರು ಉಸ್ತಾದರು.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. "ನೋಡಯ್ಯಾ. ಇಂಥವರನ್ನ ಬೆಂಗಳೂರಲ್ಲಿ ನಾನು ಬೇಕಾದಷ್ಟು ನೋಡಿದೀನಿ. ಹಸುಗೂಸಿನ ತಾಯಂದಿರು, ಒಬ್ಬ ಕ್ಷೌರದವನು, ಒಬ್ಬ ಅಡುಗೆಯವನು. ಇದು ಒಂದು ಕಾಯಿಲೆ. ಯೋಚನೆಗೆ ಬರೋ ಬಿಕ್ಕಳಿಕೆ ಅಂತ ಇಟ್ಕೋ. ಬಿಕ್ಕಳಿಕೆ ಬಂದರೆ ಪಾಪ ಮಾಡಿದೆ ಅಂತೀಯಾ? ಮಾಡೋ ಮನಸ್ಸಿರೋನು ಬಸ್ಸು ಹತ್ತಿ ನನ್ನ ಹತ್ರ ಬಂದು ಅಳೋಲ್ಲ."

"ಆ ಯೋಚನೆ ಹೋಗಬೇಕಾದ್ರೆ ಏನ್ಮಾಡ್ಲಿ ಸ್ವಾಮಿ?"

"ಓಡಿಸಬೇಡ. ರಾಮ ರಾಮ ಅನ್ನಬೇಡ, ದೇವರಿಗೆ ಬೇರೆ ಕೆಲಸ ಇದೆ. ಕತ್ತರಿ ಬಚ್ಚಿಡಬೇಡ. ಬಂದರೆ ಬರಲಿ, ನಿನ್ನ ಪಾಡಿಗೆ ನೀನು ಬಟ್ಟೆ ಕತ್ತರಿಸ್ತಾ ಇರು."

"ಎಷ್ಟು ದಿನ?"

"ಅದಕ್ಕೆ ಬೇಜಾರಾಗೋ ತನಕ." ಬಾಟಲಿಗೆ ಏನೋ ಕಹಿ ಔಷಧಿ ಹಾಕಿ, ನಿದ್ದೆಗೆ ಎಂದು ಕೊಟ್ಟರು. "ಹೆಂಡ್ತಿಗೆ ಹೇಳಿದೀಯಾ?"

"ಇಲ್ಲ."

"ಹೇಳು. ಮುಂದಿನ ಸಲ ಅವಳ ಜೊತೆ ಬಾ. ಅವಳಿಲ್ಲದೆ ಇದು ಪೂರ್ತಿ ಆಗೋಲ್ಲ."

ಹೊರಗೆ ಬರಲು ನನಗೆ ಮುಖವಿರಲಿಲ್ಲ. ಪರದೆ ಸರಿಸಿದಾಗ ಬೆಂಚಿನ ಮೇಲಿದ್ದವರೆಲ್ಲ ಬೇರೆ ಕಡೆ ನೋಡುತ್ತಿದ್ದರು. ಕೆಮ್ಮುತ್ತಿದ್ದ ಮಗುವಿನ ತಾಯಿ ಅದನ್ನು ಸೆರಗಿನೊಳಗೆ ಎಳೆದುಕೊಂಡಳು. ಅದನ್ನು ಕಂಡೆ. ಉಸ್ತಾದರು ಔಷಧಿಯ ವಿಷಯ ಇನ್ನೇನೋ ಕೇಳುತ್ತ ಒಳಗೇ ಇದ್ದರು. ಜಗಲಿಯ ಕಂಬ ಹಿಡಿದು ಮಳೆ ನೋಡುತ್ತ ನಿಂತೆ.

ಬೆಂಚಿನ ಕೊನೆಯಲ್ಲಿದ್ದ ಒಬ್ಬ ಮುದುಕಿ ಎದ್ದು ಬಂದು ಪಕ್ಕದಲ್ಲಿ ನಿಂತಳು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಬಯಲುಸೀಮೆಯ ಕಡೆಯ ಮಾತು.

"ತಮ್ಮಾ, ನನ್ನ ಮೊದಲನೇ ಕೂಸು ಹುಟ್ಟಿದಾಗ ನನಗೂ ಹಂಗ ಆಗಿತ್ತಪ್ಪ. ಬಾವಿ ಕಂಡ್ರ ಎದಿ ಡವಡವ ಅಂತಿತ್ತು. ಕೂಸಿನ ನೀರಿಗೆ ಒಗೀತೀನೋ ಏನೋ ಅಂತ ದೂರದ ಕೆರಿಗೆ ಹೋಗಿ ನೀರು ತರತಿದ್ದೆ. ಅತ್ತಿ ಬೈತಿದ್ಲು."

"ಯಾರಿಗಾದ್ರೂ ಹೇಳಿದ್ರಾ ಅಮ್ಮಾ?"

"ಯಾರಿಗೆ ಹೇಳ್ಲಿ? ನನ್ನ ಗಂಡಗೂ ಹೇಳಿಲ್ಲ. ಅವ ಸತ್ತೂ ಹೋದ. ಇವತ್ತ ನೀ ಒದರಿದ್ದು ಕೇಳಿ, ಅಯ್ಯ, ಇದು ಗಂಡಸರಿಗೂ ಬರ್ತೈತೇನು ಅನ್ಕೊಂಡೆ."

"ಆ ಕೂಸು?"

"ಎತ್ತಿನ ಯಾಪಾರ ಮಾಡ್ತಾನ. ಈಗ ಅವನ ಗಾಡ್ಯಾಗ ಬಂದೀನಿ" ಎಂದು ರಸ್ತೆಯ ಕಡೆ ಕೈ ತೋರಿಸಿದಳು. ಗಾಡಿಯ ನೊಗದ ಹತ್ತಿರ ನಡುವಯಸ್ಸಿನ ದಪ್ಪ ಮೀಸೆಯ ಒಬ್ಬನು ಬೀಡಿ ಸೇದುತ್ತ ನಿಂತಿದ್ದ. ಡಾಕ್ಟರು ಹೇಳಿದ್ದನ್ನು ನಾನು ಅರ್ಧ ನಂಬಿದ್ದೆ. ಉಳಿದರ್ಧವನ್ನು ಆ ಮೀಸೆ ನಂಬಿಸಿತು.

ಸೊರಬಕ್ಕೆ ಬಂದು ಕತ್ತರಿ ಹಿಡಿದೆ. ಮೊದಲ ದಿನ ಉಸ್ತಾದರ ಮುಂದೆ ಒಂದೇ ಚಡ್ಡಿ ಕತ್ತರಿಸಿದೆ. ಕತ್ತರಿ ಗೆರೆ ತಪ್ಪಿತು. ಅವರು ಅದನ್ನು ಕೈಗೆ ತೆಗೆದುಕೊಂಡು, "ಇದನ್ನ ಚಿಕ್ಕ ಹುಡುಗನಿಗೆ ಮಾಡೋಣ" ಎಂದರು. ಯೋಚನೆ ಬಂತು, ಹೋಯಿತು, ಬಂತು. ಕೆಲವು ದಿನಗಳಲ್ಲಿ ಗೆರೆ ನೆಟ್ಟಗಾಯಿತು. ಯೋಚನೆ ಬರುವುದು ನಿಂತಿರಲಿಲ್ಲ.

ಪುಷ್ಯ ಮಳೆಯಲ್ಲಿ ಕುಪ್ಪಗಡ್ಡೆಗೆ ಹೋದೆ. ನಾಟಿಯ ಕಾಲ, ಮನೆಯವರೆಲ್ಲ ಗದ್ದೆಯಲ್ಲಿದ್ದರು. ಗಿರಿಜಾ ಒಬ್ಬಳೇ ಜಗಲಿಯ ಮೇಲೆ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಎದ್ದು ಕಾಲಿಗೆ ನೀರು ತಂದಿಟ್ಟಳು. ನಾನು ಅಂಗಳದಲ್ಲಿ ನಿಂತೇ ಹೇಳಿದೆ. ಡಾಕ್ಟರ ಮುಂದೆ ಕೂಗಿ ಹೇಳಿದ್ದರಿಂದಲೋ ಏನೋ, ಈ ಸಲ ಮಾತು ನೆಟ್ಟಗೆ ಬಂತು.

ಅವಳು ಕೊನೆಯ ತನಕ ಕೇಳಿದಳು. ಆಮೇಲೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ಕೇಳಿತು. ಮುಗಿಯಿತು ಎಂದುಕೊಂಡೆ. ಯಾವ ತಾಯಿಯಾದರೂ ಮಾಡುವುದನ್ನೇ ಅವಳು ಮಾಡಿದಳು ಎನ್ನಿಸಿತು. ಹೊರಡಲೆಂದು ಕೊಡೆ ತೆಗೆದುಕೊಂಡೆ.

ಬಾಗಿಲು ತೆರೆಯಿತು. ಒಬ್ಬಳೇ ಬಂದಳು. ಕೂಸನ್ನು ತೊಟ್ಟಿಲಿಗೆ ಹಾಕಿ ಬಂದಿದ್ದಳು.

"ಕೈ ಎತ್ತಿದ್ರಾ ಯಾವತ್ತಾದ್ರೂ?"

"ಇಲ್ಲ."

"ದೇವ್ರಾಣೆ?"

"ದೇವ್ರಾಣೆ."

ಮೆಟ್ಟಿಲ ಮೇಲೆ ಕುಳಿತಳು. ಬಹಳ ಹೊತ್ತು ಮುಖ ಮುಚ್ಚಿಕೊಂಡಿದ್ದಳು. "ನನ್ನ ಹೊಟ್ಟೇಲಿ ಹೆಣ್ಣು ಹುಟ್ಟಿದ್ದಕ್ಕೆ ನಿಮಗೆ ನಾನೂ ಬೇಡ ಆದೆ ಅನ್ಕಂಡಿದ್ದೆ. ಅದಲ್ಲ ಅಂತ ಗೊತ್ತಾತು. ಆದ್ರೆ ರೀ, ನನಗೆ ಹೆದರಿಕೆ ಆಗ್ತೈತಿ. ಇಲ್ಲ ಅಂತ ಹೇಳಲ್ಲ."

"ಆಗ್ಲೇಬೇಕು."

"ಆ ಡಾಕ್ಟರ ಹತ್ರ ನನ್ನೂ ಕರ್ಕಂಡು ಹೋಗ್ರಿ. ನಾನೇ ಕೇಳ್ತೀನಿ."

ಅವಳ ಅಪ್ಪನಿಗೆ ಅವಳು, "ಇವರಿಗೆ ಹುಷಾರಿರ್ಲಿಲ್ಲ, ಕೂಸಿಗೆ ತಗಲೀತು ಅಂತ ಮುಟ್ಟಿರ್ಲಿಲ್ಲ" ಎಂದು ಹೇಳಿದಳಂತೆ. ಅದು ಪೂರ್ತಿ ಸುಳ್ಳೂ ಅಲ್ಲ. ಮಾವ ನನ್ನ ಮುಖ ನೋಡಿ, "ಮೊದಲೇ ಹೇಳಬಾರದಾ ಅಳಿಯಂದ್ರೆ" ಎಂದರು. ಅವರಿಗೆ ಅಷ್ಟು ಸಾಕಾಯಿತು.

ಮುಂದೆ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದು ಒಂದು ದಿನದಲ್ಲಿ ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ ಯೋಚನೆ ಬಂದರೂ ನಾನು ಹೊಲಿಯುತ್ತಿದ್ದ ಬಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ. ಎರಡನೆಯ ಮಗು ಹುಟ್ಟಿದಾಗ ಮತ್ತೆ ಬಂತು. ಆಗ ಗಿರಿಜಾಗೆ ಆ ದಿನವೇ ಹೇಳಿದೆ, ಅವಳು ಶಿಕಾರಿಪುರದ ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬಂದಳು. ಉಸ್ತಾದರು ಕಣ್ಣು ಪೂರ್ತಿ ಹೋದ ಮೇಲೂ ಬದುಕಿರುವ ತನಕ ಅಂಗಡಿಗೆ ಬಂದು ಕೂರುತ್ತಿದ್ದರು. ಆ ಮಧ್ಯಾಹ್ನದ ಮಾತನ್ನು ಮತ್ತೆ ಎತ್ತಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಆದರೆ ಆ ಮಳೆಗಾಲ ನನ್ನ ಲೆಕ್ಕದಲ್ಲಿ ಮುಗಿಯುವುದು ನಾವಿಬ್ಬರೂ ಕೂಸನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ ಬಂದ ದಿನ.

ಆಶ್ಲೇಷ ಮಳೆ. ಡಾಕ್ಟರ ಕೋಣೆಯಲ್ಲಿ ಗಿರಿಜಾ ಹೆದರದೆ ಕುಳಿತಳು. ಅವರು ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದರು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ನಾನಿಲ್ಲದಾಗ ಕೂಸಿನ ಇವರ ಕೈಲಿ ಬಿಡ್ಲಾ?"

"ಬಿಡು."

"ನಿಮ್ಮ ಮಗು ಆಗಿದ್ರೆ ಬಿಡ್ತಿದ್ರಾ?"

"ಏನಂದೆ?"

ಅವಳು ಎದ್ದು ಅವರ ಕಿವಿಯ ಹತ್ತಿರ ಹೋಗಿ, ಪಡಸಾಲೆಗೆಲ್ಲ ಕೇಳುವ ಹಾಗೆ ಮತ್ತೆ ಕೇಳಿದಳು. ಡಾಕ್ಟರು ನನ್ನನ್ನು ಒಮ್ಮೆ ನೋಡಿದರು. "ಬಿಡ್ತಿದ್ದೆ" ಎಂದರು.

ಹಿಂದಿರುಗುವಾಗ, ಶಿರಾಳಕೊಪ್ಪ ದಾಟಿದ ಮೇಲೆ ಒಂದು ಹಳ್ಳದ ಹತ್ತಿರ ಬಸ್ಸು ನಿಂತಿತು. ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಕಂಡಕ್ಟರು ಬಾಗಿಲು ಬಡಿದು ಕೂಗಿದ. "ಬಸ್ಸು ಮುಂದೆ ಹೋಗಲ್ಲ. ಆ ಕಡೆ ಸೊರಬದ ಬಸ್ಸು ನಿಂತೈತಿ, ಇಳಿದು ದಾಟ್ರಿ. ನೀರಿಗೆ ಸೆಳೆತ ಐತಿ. ಕೂಸುಗಳನ್ನ ಗಂಡಸರ ಕೈಗೆ ಕೊಡ್ರಿ."

ಹಳ್ಳಿಯ ಕೆಲವರು ಈ ಕಡೆಯ ಮರದಿಂದ ಆ ಕಡೆಯ ಮರಕ್ಕೆ ಹಗ್ಗ ಕಟ್ಟಿ, ನಡುನಡುವೆ ಅದನ್ನು ಹಿಡಿದು ನಿಂತಿದ್ದರು. ಜನ ಒಬ್ಬೊಬ್ಬರಾಗಿ ಇಳಿದರು. ಕಂಡಕ್ಟರು ಗಿರಿಜಾಳ ಮುಂದೆ ಕೈ ಚಾಚಿದ. "ಕೊಡ್ರಮ್ಮಾ, ನಾನು ದಾಟಿಸ್ತೀನಿ."

ಅವಳು ಅವನ ಕೈ ನೋಡಿದಳು, ನನ್ನನ್ನು ನೋಡಿದಳು.

"ಅವರಿಗೇ ಕೊಡು" ಎಂದೆ ನಾನು.

ಅವಳು ಸೆರಗು ಸಿಕ್ಕಿಸಿಕೊಂಡಳು. ಕಂಡಕ್ಟರಿಗೆ, "ಬ್ಯಾಡಣ್ಣಾ, ಅವರಪ್ಪ ಅದಾರೆ" ಎಂದಳು. ಕೂಸನ್ನು ಕಂಬಳಿ ತುಂಡಿನಲ್ಲಿ ಸುತ್ತಿ ನನ್ನ ಎಡಗೈಗೆ ಕೊಟ್ಟಳು. ತಾನು ಹಿಂದೆ ನಿಂತು ನನ್ನ ಅಂಗಿಯ ತುದಿ ಹಿಡಿದುಕೊಂಡಳು.

ನೀರು ಮೊಣಕಾಲಿನ ಮೇಲೆ ಬಂತು. ತಣ್ಣಗಿತ್ತು, ಬಲವಾಗಿತ್ತು. ಬಲಗೈಯಲ್ಲಿ ಹಗ್ಗ ಹಿಡಿದು, ಕಾಲಿನಿಂದ ಕಲ್ಲು ಹುಡುಕುತ್ತ ಹೋದೆ. ಮೊದಲ ಹೆಜ್ಜೆಯಲ್ಲೇ ಅದು ಬಂತು. ಬಿಡು, ಎಂದಿತು. ಈಗ ಕೈ ಬಿಡು. ನಾನು ರಾಮ ರಾಮ ಎನ್ನಲಿಲ್ಲ. ಅದು ಹೇಳುತ್ತಲೇ ಇತ್ತು, ನಾನು ಕಲ್ಲು ಹುಡುಕುತ್ತಲೇ ಇದ್ದೆ. ಕೂಸು ಒಂದು ಕೈಯಿಂದ ನನ್ನ ಕಾಲರು ಹಿಡಿದು, ಕೆಳಗೆ ಓಡುವ ನೀರು ನೋಡಿ ಏನೋ ಸದ್ದು ಮಾಡುತ್ತಿತ್ತು. ನಡುಹಳ್ಳದಲ್ಲಿ ಎಡಗಾಲು ಜಾರಿತು. ಹಗ್ಗ ಹಿಡಿದವನೊಬ್ಬ, "ಹುಷಾರು!" ಎಂದು ಕೂಗಿದ. ನಾನು ಯೋಚಿಸುವ ಮುಂಚೆಯೇ ತೋಳು ಕೂಸನ್ನು ಎದೆಗೆ ಒತ್ತಿಕೊಂಡಿತ್ತು. ತಲೆ ಆಗಲೂ ಬಿಡು ಎನ್ನುತ್ತಿತ್ತು. ತೋಳು ಅದನ್ನು ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಕಲ್ಲು ಸಿಕ್ಕಿತು, ಆಮೇಲೆ ಮಣ್ಣು.

ದಂಡೆ ಹತ್ತಿ ನಿಂತೆ. ಗಿರಿಜಾ ನನ್ನ ಅಂಗಿಯ ತುದಿ ಬಿಟ್ಟು ಮುಂದೆ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದಳು.

"ಬಂತಾ?"

"ಬಂತು."

"ನಡುನೀರಾಗಾ?"

"ಮೊದಲಿಂದ ಕೊನೇ ತನಕ."

ಅವಳು ತಿರುಗಿ ಹಳ್ಳವನ್ನು ನೋಡಿದಳು. ಕೂಸನ್ನು ತೆಗೆದುಕೊಳ್ಳುತ್ತಾಳೆಂದು ನಾನು ಮುಂದೆ ಹಿಡಿದೆ. ಅವಳು ಬಗ್ಗಿ ಸೀರೆಯ ಅಂಚು ಹಿಂಡತೊಡಗಿದಳು.

"ಆ ಬಸ್ಸಿನವನು ಹಾರ್ನ್ ಹೊಡೀತಾನೆ, ನಡೀರಿ" ಎಂದಳು. "ನೀವೇ ಎತ್ಕಂಡಿರ್ರಿ. ನನ್ನ ಕೈ ಒದ್ದೆ ಐತಿ."